ಹೊಂಡದಲ್ಲಿ ಮೀನು ಸಾಯುತ್ತಿದ್ದರೆ: ಸುಣ್ಣದ ಚೀಲ ಬಿಚ್ಚುವ ಮೊದಲು

"ಅಣ್ಣಾ, ಮೀನ ಸಾಯಾಕ ಹತ್ಯಾವು. ಏನ ಹಾಕ್ಲಿ?"

ಮಳೆಗಾಲ ಶುರುವಾಯಿತು ಅಂದರೆ ನನಗೆ ಬರುವ ಫೋನ್ ಹೆಚ್ಚಾಗಿ ಹೀಗೇ ಇರುತ್ತವೆ. ನಮ್ಮ ಊರು ಬೀಳಗಿ ತಾಲೂಕಿನದು, ಆಲಮಟ್ಟಿ ಹಿನ್ನೀರಿಗೆ ಹತ್ತಿರ. ಇಪ್ಪತ್ತು ಗುಂಟೆಯ ಮಣ್ಣಿನ ಹೊಂಡದಲ್ಲಿ ಕಟ್ಲಾ, ರೋಹು, ಮೃಗಾಲ್ ಅನ್ನುವ ಗೆಂಡೆ ಜಾತಿಯ ಮೀನು ಸಾಕುತ್ತೇನೆ. ನಾನು ಡಾಕ್ಟರ್ ಅಲ್ಲ, ಆಫೀಸರ್ ಕೂಡ ಅಲ್ಲ. ಆದರೆ ಈ "ಏನ ಹಾಕ್ಲಿ" ಅನ್ನುವ ಪ್ರಶ್ನೆಯನ್ನು ನಾನೂ ಒಂದು ಸಲ ಕೇಳಿ, ಸಿಕ್ಕ ಉತ್ತರವನ್ನು ಹಾಗೇ ಹೊಂಡಕ್ಕೆ ಸುರಿದು, ಉಳಿದಿದ್ದ ಮೀನನ್ನೂ ಕಳೆದುಕೊಂಡವನು. ಆ ಕಥೆ ಮುಂದೆ ಹೇಳುತ್ತೇನೆ. ಈಗ ಯಾರೇ ಕೇಳಲಿ, ನಾನು ತಿರುಗಿ ಕೇಳುವುದು ಒಂದೇ: ಯಾವ ಹೊತ್ತಿಗೆ ಸತ್ತವು?

ಹೊತ್ತು ನೋಡಿ

ಮೀನು ಬೆಳಗಿನ ಜಾವ ನಾಲ್ಕರಿಂದ ಆರು ಗಂಟೆಯೊಳಗೆ ಮೇಲೆ ಬಂದು, ಬಾಯಿ ತೆರೆದು ತೆರೆದು ಮುಚ್ಚುತ್ತಿದ್ದರೆ, ಹತ್ತಕ್ಕೆ ಒಂಬತ್ತು ಸಲ ಅದು ಆಮ್ಲಜನಕದ ಕೊರತೆ. ಬಿಸಿಲು ಬಿದ್ದು ಎಂಟೊಂಬತ್ತು ಗಂಟೆ ಆಗುವಷ್ಟರಲ್ಲಿ ಉಳಿದವು ಕೆಳಗೆ ಹೋದರೆ ಅನುಮಾನವೇ ಬೇಡ.

ಕಾರಣ ಸರಳ. ನೀರಿನ ಹಸಿರು ಪಾಚಿ ಹಗಲು ಬಿಸಿಲಿನಲ್ಲಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ನಮ್ಮ ಹಾಗೆ ಉಸಿರಾಡುತ್ತದೆ, ಅಂದರೆ ಆಮ್ಲಜನಕ ತಿನ್ನುತ್ತದೆ. ಮೀನು ತಿನ್ನುತ್ತದೆ, ಮೇವಿಗೆ ಹಾಕಿದ ಹಿಂಡಿ, ಗೊಬ್ಬರಕ್ಕೆ ಹಾಕಿದ ಸಗಣಿ ತಳದ ಕೆಸರಿನಲ್ಲಿ ಕೊಳೆಯುತ್ತಾ ಅವೂ ತಿನ್ನುತ್ತವೆ. ಸೂರ್ಯ ಹುಟ್ಟುವ ಮುಂಚೆ ಡಬ್ಬಿ ಖಾಲಿ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮ. 3ರ ಕೆಳಗೆ ಇಳಿದರೆ ತಿನ್ನುವುದು ಬಿಡುತ್ತದೆ. 1ರ ಹತ್ತಿರ ಬಂದರೆ ಸಾಯುತ್ತದೆ. ನಮ್ಮ ಕಡೆ ಇನ್ನೂ ಒಂದು ಕಷ್ಟ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಹಿಡಿಯುವುದು ಕಡಿಮೆ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಹಿಡಿದರೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಬಾಗಲಕೋಟೆ, ವಿಜಯಪುರದ ಬೇಸಿಗೆ ಹೇಗಿರುತ್ತದೆ ಅಂತ ನಿಮಗೆ ನಾನು ಹೇಳಬೇಕಾ?

ಎರಡು ಮೂರು ದಿನ ಬಿಡದೆ ಮೋಡ ಕವಿದರೆ ಹಗಲಿನ ಗಳಿಕೆ ಇಲ್ಲ, ರಾತ್ರಿಯ ಖರ್ಚು ಹಾಗೇ ಇದೆ. ಅದಕ್ಕೇ ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೊಂಡಗಳು ಕೈಕೊಡುವುದು ಜಾಸ್ತಿ.

ಇಲ್ಲಿ ಬಹಳ ಜನ ಮಾಡುವ ತಪ್ಪು ಒಂದಿದೆ. ಮೀನು ಮೇಲೆ ಬಂದು ಬಾಯಿ ಬಿಡುವುದನ್ನು ನೋಡಿ ಹಸಿದಿದೆ ಅಂತ ಇನ್ನೊಂದು ಬುಟ್ಟಿ ಹಿಂಡಿ ಹಾಕುತ್ತಾರೆ. ನಾನೂ ಹಾಕಿದ್ದೇನೆ. ಹಿನ್ನೀರಿನಲ್ಲಿ ಬಲೆ ಬೀಸಿಯೇ ಜೀವನ ಕಳೆದ ನಮ್ಮೂರ ಅಂಬಿಗರ ಮುತ್ಯಾ ದಂಡೆಯ ಮೇಲೆ ಕೂತು ನೋಡಿ ಅಂದಿದ್ದ: "ಲೇ ತಮ್ಮಾ, ಅದಕ್ಕ ಹಸಿವಲ್ಲೋ, ಉಸುರಿಲ್ಲ." ಹಸಿದ ಮೀನು ಕಲ್ಲು ಎಸೆದರೆ ಪಟ್ಟನೆ ಕೆಳಗೆ ಓಡುತ್ತದೆ. ಉಸಿರಿಲ್ಲದ ಮೀನು ಓಡುವುದಿಲ್ಲ. ಓಡಿದರೂ ಅರೆಗಳಿಗೆಯಲ್ಲಿ ಮತ್ತೆ ಅಲ್ಲೇ ಬರುತ್ತದೆ.

ಮಧ್ಯಾಹ್ನ ಎರಡು ಮೂರು ಗಂಟೆಗೆ, ಚೆನ್ನಾಗಿ ಬಿಸಿಲಿರುವಾಗ ಸತ್ತರೆ? ಆಗ ಬೇರೆ ದಾರಿ ಹಿಡಿಯಬೇಕು. ಒಂದೇ ವಿನಾಯಿತಿ ಅಂದರೆ, ಕಡು ಹಸಿರಿದ್ದ ನೀರು ಒಂದೇ ದಿನದಲ್ಲಿ ಕಂದು ಆಗಿದ್ದರೆ ಅಥವಾ ತಿಳಿಯಾಗಿದ್ದರೆ. ಪಾಚಿಯೇ ಒಟ್ಟಿಗೆ ಸತ್ತು ಕೊಳೆಯುತ್ತಿದೆ ಅಂತ ಅರ್ಥ. ಆಗ ಹಗಲಲ್ಲೂ ಆಮ್ಲಜನಕ ಇರುವುದಿಲ್ಲ.

ಯಾವುದು ಸತ್ತಿದೆ, ಯಾವುದು ಉಳಿದಿದೆ

ಸತ್ತ ಮೀನನ್ನು ಗುಡ್ಡೆ ಹಾಕಿ ಫೋಟೋ ತೆಗೆಯುವ ಬದಲು ಬೇರೆ ಬೇರೆ ಮಾಡಿ. ಆಮ್ಲಜನಕ ಕಡಿಮೆ ಆದಾಗ ಸಾಮಾನ್ಯವಾಗಿ ದೊಡ್ಡವು ಮೊದಲು ಹೋಗುತ್ತವೆ. ಒಂದೂವರೆ ಕಿಲೋದ ಕಟ್ಲಾ ತೇಲುತ್ತಿರುತ್ತದೆ, ಗೇಣುದ್ದದ ಮರಿ ಈಜುತ್ತಿರುತ್ತದೆ. ಸತ್ತದ್ದರ ಬಾಯಿ ತೆರೆದಿರುತ್ತದೆ, ಕಿವಿರಿನ ಮುಚ್ಚಳ ಅಗಲಿರುತ್ತದೆ. ವಿಷ ಬಿದ್ದಿದ್ದರೆ ಚಿಕ್ಕ ದೊಡ್ಡ ಅನ್ನುವ ಭೇದ ಇಲ್ಲ, ಎಷ್ಟೋ ಸಲ ಮರಿಗಳೇ ಮೊದಲು.

ಇನ್ನೂ ಚೆಂದದ ಗುರುತು ಒಂದಿದೆ. ಮುರೆಲ್, ಅಂದರೆ ಹಾವಿನ ತಲೆಯಂಥ ತಲೆ ಇರುವ ಮೀನು, ನೀರಿನ ಮೇಲೆ ಬಂದು ನೇರವಾಗಿ ಗಾಳಿ ಎಳೆದುಕೊಳ್ಳಬಲ್ಲದು. ಹಿನ್ನೀರು ಹತ್ತಿರ ಇರುವ ಹೊಂಡಗಳಲ್ಲಿ ನಾವು ಬಿಡದಿದ್ದರೂ ಅದು ಸೇರಿಕೊಂಡಿರುತ್ತದೆ. ಗೆಂಡೆ ಎಲ್ಲ ಸತ್ತು ಮುರೆಲ್ ಮಾತ್ರ ಉಳಿದಿದ್ದರೆ ಆಮ್ಲಜನಕದ ಕೊರತೆ. ಮುರೆಲ್ ಕೂಡ ಸತ್ತು, ದಂಡೆಯಲ್ಲಿ ಕಪ್ಪೆ, ನೀರಿನ ಹುಳ ಹೊಟ್ಟೆ ಮೇಲೆ ಮಾಡಿ ಬಿದ್ದಿದ್ದರೆ ವಿಷ. ಹೊಂಡದ ಸುತ್ತ ಒಂದು ಸುತ್ತು ಹಾಕಿ ಕಪ್ಪೆ ನೋಡಿ ಬರುವುದಕ್ಕೆ ಹತ್ತು ನಿಮಿಷ ಸಾಕು. ಆ ಹತ್ತು ನಿಮಿಷ ಯಾರೂ ಕೊಡುವುದಿಲ್ಲ.

ಕಿವಿರು ಎತ್ತಿ ನೋಡಿ. ಆಗ ತಾನೇ ಸತ್ತ ಮೀನೇ ಆಗಬೇಕು, ಇಲ್ಲದಿದ್ದರೆ ಎಲ್ಲ ಕಿವಿರೂ ಬಿಳಿಚಿರುತ್ತದೆ. ಕೆಂಪಗಿದ್ದರೆ ಸರಿ. ಚಾಕಲೇಟ್ ಬಣ್ಣಕ್ಕೆ ತಿರುಗಿದ್ದರೆ ನೀರಿನಲ್ಲಿ ಹೊಲಸು ಕೊಳೆತು ಹುಟ್ಟುವ ನೈಟ್ರೈಟ್ ಜಾಸ್ತಿ, ರಕ್ತಕ್ಕೆ ಆಮ್ಲಜನಕ ಹೊರುವ ಶಕ್ತಿ ಹೋಗಿದೆ. ಇದಕ್ಕೆ ಅಡುಗೆ ಉಪ್ಪು ತಕ್ಕಮಟ್ಟಿಗೆ ಕೆಲಸ ಮಾಡುತ್ತದೆ. ಎರೆ ಮಣ್ಣು ಮೆತ್ತಿಕೊಂಡಿದ್ದರೆ ಕೆಸರಿನ ತೊಂದರೆ.

ದಿನಕ್ಕೆ ಎರಡು, ಮೂರು, ನಾಲ್ಕು ಅಂತ ವಾರಗಟ್ಟಲೆ ಸಾಯುತ್ತಿದ್ದರೆ ರೋಗ. ಒಂದೇ ರಾತ್ರಿಯಲ್ಲಿ ಎಲ್ಲ ಹೋದರೆ ಅದು ರೋಗ ಅಲ್ಲ. ರೋಗಕ್ಕೆ ಅಷ್ಟು ಅವಸರ ಇರುವುದಿಲ್ಲ.

ಎರಡು ಬಕೆಟ್

ಇಷ್ಟಾದರೂ ಗೊತ್ತಾಗದಿದ್ದರೆ ಇದನ್ನು ಮಾಡಿ. ಮೀಟರು, ಕಿಟ್ ಏನೂ ಬೇಡ. ಎರಡು ಬಕೆಟ್‌ನಲ್ಲೂ ಹೊಂಡದ್ದೇ ನೀರು ತುಂಬಿ. ಒಂದನ್ನು ಹಾಗೇ ಬಿಡಿ. ಇನ್ನೊಂದರ ನೀರನ್ನು ಚರಿಗೆಯಿಂದ ಎತ್ತರದಿಂದ ಎತ್ತಿ ಎತ್ತಿ ಹೊಯ್ಯಿರಿ, ಹತ್ತು ನಿಮಿಷ. ಎರಡಕ್ಕೂ ಅರೆಜೀವದ ಮೀನು, ಚಿಕ್ಕದು, ಎರಡೆರಡು ಬಿಡಿ. ಎರಡನೇ ಬಕೆಟ್‌ಗೆ ನಡುನಡುವೆ ಹೊಯ್ಯುತ್ತಲೇ ಇರಿ. ಅದರಲ್ಲಿ ಮೀನು ಚೇತರಿಸಿಕೊಂಡರೆ ನೀರಿಗೆ ಗಾಳಿ ಬೇಕಿತ್ತು, ಅಷ್ಟೇ. ಎಷ್ಟು ಹೊಯ್ದರೂ ಅಲ್ಲೂ ಸತ್ತರೆ ನೀರಿನಲ್ಲೇ ಏನೋ ಬೆರೆತಿದೆ. ಆಗ ಮೂರನೇ ಬಕೆಟ್ ಕುಡಿಯುವ ನೀರಿನದು ಇಟ್ಟು ನೋಡಿ. ನಳದ ನೀರಾದರೆ ಹಿಂದಿನ ದಿನ ತುಂಬಿ ಬಾಯಿ ತೆರೆದಿಟ್ಟದ್ದಿರಲಿ, ಅದರಲ್ಲಿ ಕ್ಲೋರಿನ್ ಇರುತ್ತದೆ.

ಆಮ್ಲಜನಕವೇ ಆಗಿದ್ದರೆ

ಪಂಪ್ ಚಾಲೂ ಮಾಡಿ. ಕಾಲುವೆಯದ್ದೋ ಹಿನ್ನೀರಿನದ್ದೋ ಒಳ್ಳೆಯ ನೀರು ಸಿಕ್ಕರೆ ಅದನ್ನು ಬಿಡಿ. ಸಿಗದಿದ್ದರೆ ಹೊಂಡದ ನೀರನ್ನೇ ಎತ್ತಿ ಹೊಂಡಕ್ಕೇ ಹಾಕಿ, ಆದರೆ ಪೈಪಿನ ಬಾಯಿಗೆ ತೂತು ಮಾಡಿದ ತಗಡು ಕಟ್ಟಿ ಚದುರಿ ಬೀಳುವ ಹಾಗೆ ಮಾಡಿ. ಹನಿ ಸಣ್ಣದಾದಷ್ಟೂ ಗಾಳಿ ಜಾಸ್ತಿ ಹಿಡಿಯುತ್ತದೆ. ಸ್ಪ್ರಿಂಕ್ಲರ್ ಇದ್ದರೆ ಇನ್ನೂ ಒಳ್ಳೆಯದು. ಪಂಪ್ ನೀರು ಎಳೆಯುವ ತುದಿಯ ಫುಟ್‌ವಾಲ್ವ್ ತಳಕ್ಕೆ ಇಳಿಸಬೇಡಿ, ಕೆಸರು ಎದ್ದರೆ ಇರುವ ಆಮ್ಲಜನಕವೂ ಹೋಗುತ್ತದೆ. ಅವತ್ತು ಮತ್ತು ಮರುದಿನ ಹಿಂಡಿ ಬಂದ್. ಸಗಣಿ ವಾರ ಬಂದ್. ಸತ್ತವನ್ನು ತಕ್ಷಣ ತೆಗೆಯಿರಿ, ಅವು ಕೊಳೆತರೆ ಇನ್ನಷ್ಟು ಆಮ್ಲಜನಕ ತಿನ್ನುತ್ತವೆ.

ಕರೆಂಟ್ ಇಲ್ಲವಾ? ರಾತ್ರಿ ತ್ರೀಫೇಸ್ ಇಲ್ಲದ ಊರುಗಳಲ್ಲಿ ಇದೇ ದೊಡ್ಡ ಸಮಸ್ಯೆ. ನಾನು ಡೀಸೆಲ್ ಎಂಜಿನ್ ಒಂದನ್ನು ಇದಕ್ಕೇ ಇಟ್ಟುಕೊಂಡಿದ್ದೇನೆ. ಅದೂ ಇಲ್ಲದಿದ್ದರೆ ನಾಲ್ಕು ಜನ ಬೇವಿನ ಟೊಂಗೆ ಹಿಡಿದು ನೀರು ಬಡಿಯಬೇಕು. ನಗಬೇಡಿ, ಬಡಿದು ಉಳಿಸಿಕೊಂಡವರಿದ್ದಾರೆ.

ಕೆಲವರು ಬಾವಿಗೆ ಹಾಕುವ ನೇರಳೆ ಹರಳು, ಪೊಟ್ಯಾಸಿಯಂ ಪರ್ಮಾಂಗನೇಟ್, ಆಮ್ಲಜನಕ ಕೊಡುತ್ತದೆ ಅಂತ ಚೆಲ್ಲುತ್ತಾರೆ. ಮೀನಿಗೆ ಬೇಕಾದಷ್ಟು ಅದು ಕೊಡುವುದಿಲ್ಲ. ಪಾಚಿಯನ್ನು ಕೊಂದು ಮರುದಿನದ ಗಳಿಕೆಗೂ ಕಲ್ಲು ಹಾಕುತ್ತದೆ.

ಮುಂದೆ ಹೀಗಾಗಬಾರದು ಅಂದರೆ ಮೊಣಕೈ ಪರೀಕ್ಷೆ ಅಭ್ಯಾಸ ಮಾಡಿಕೊಳ್ಳಿ. ಹೊತ್ತೇರಿದ ಮೇಲೆ ಕೈಯನ್ನು ನೀರಿಗೆ ನೆಟ್ಟಗೆ ಇಳಿಸಿ. ಮೊಣಕೈ ಮುಳುಗುವ ಹೊತ್ತಿಗೆ ಅಂಗೈ ಮಸುಕಾಗಿ ಮರೆಯಾದರೆ ಸರಿ. ಅಳತೆ ಬೇಕಾದವರಿಗೆ 25ರಿಂದ 40 ಸೆಂಟಿಮೀಟರ್. 20ರ ಒಳಗೇ ಮರೆಯಾದರೆ ಪಾಚಿ ಅತಿಯಾಗಿದೆ, ಹಿಂಡಿ ಸಗಣಿ ಎರಡೂ ಕಡಿಮೆ ಮಾಡಿ, ನೀರು ಬದಲಿಸಿ. ಹಿಂಡಿಯ ಲೆಕ್ಕ ಅಂದಾಜಿನಲ್ಲಿ ಹಾಕಬೇಡಿ. ನನ್ನದು ಎಕರೆಗೆ ಎರಡು ಸಾವಿರದ ಲೆಕ್ಕದಲ್ಲಿ ಸಾವಿರ ಮರಿ. ಒಂದೊಂದು 300 ಗ್ರಾಂ ಆಗಿದ್ದರೆ ಒಟ್ಟು 300 ಕಿಲೋ. ಅದರ ನೂರಕ್ಕೆ ಎರಡು ಪಾಲು, ಅಂದರೆ ದಿನಕ್ಕೆ 6 ಕಿಲೋ ಶೇಂಗಾ ಹಿಂಡಿ ಮತ್ತು ತೌಡು ಸೇರಿ. ಮೋಡದ ದಿನ ಅರ್ಧ, ಇಲ್ಲವೇ ಸೊನ್ನೆ.

ಕೃಷಿ ಹೊಂಡದವರಿಗೆ ಒಂದು ಮಾತು. ಮೂರು ಮೀಟರ್ ಆಳದ ಹೊಂಡದಲ್ಲಿ ಬೇಸಿಗೆಯಲ್ಲಿ ಮೇಲಿನ ನೀರು ಬಿಸಿ, ತಳದ್ದು ತಂಪು. ಎರಡೂ ಬೆರೆಯುವುದಿಲ್ಲ. ಪ್ಲಾಸ್ಟಿಕ್ ಹಾಳೆಯ ಮೇಲೆ ಕೂತ ಗಸಿ ತಳದಲ್ಲೇ ಕೊಳೆಯುತ್ತದೆ. ಮೇ ತಿಂಗಳ ಅಡ್ಡ ಮಳೆ, ಇಲ್ಲ ರೋಹಿಣಿ ಮಳೆ ಗಾಳಿ ಸಮೇತ ಬಂದು ಬಡಿದರೆ ತಣ್ಣನೆಯ ಮಳೆನೀರು ಕೆಳಗಿಳಿದು ತಳದ್ದನ್ನು ಮೇಲೆ ತರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬರುತ್ತದೆ. ಮೊದಲ ಮಳೆಗೆ ಮೀನು ಸತ್ತವು, ಸಿಡಿಲು ಬಡಿಯಿತು ಅನ್ನುತ್ತಾರೆ. ಸಿಡಿಲಲ್ಲ ಅದು, ಗಸಿ.

ಸುಣ್ಣದ ಕಥೆ

ನನ್ನ ಹೊಂಡ ಮೊದಲ ಸಲ ಕೈಕೊಟ್ಟಿದ್ದು ಶ್ರಾವಣದಲ್ಲೇ. ಮೂರು ದಿನ ಮೋಡ, ನಾಲ್ಕನೇ ಬೆಳಿಗ್ಗೆ ಮೂವತ್ತೋ ನಲವತ್ತೋ ಕಟ್ಲಾ ತೇಲಿದ್ದವು. ಮೀನಿನ ಔಷಧಿ ಮಾರುವವರೊಬ್ಬರಿಗೆ ಫೋನ್ ಮಾಡಿದೆ. ಹೊತ್ತು ಕೇಳಲಿಲ್ಲ, ಮಣ್ಣು ಯಾವುದು ಅಂತಲೂ ಕೇಳಲಿಲ್ಲ. "ಎರಡ ಚೀಲ ಸುಣ್ಣ ಹಾಕ್ರಿ, ಎಲ್ಲಾ ಸರಿ ಹೋಗತೈತಿ" ಅಂದರು. ಹಾಕಿದೆ. ಅವತ್ತೇ ಬಿಸಿಲು ಬಿತ್ತು. ಸಂಜೆಗೆ ಮೀನು ಗರಗರ ತಿರುಗತೊಡಗಿದವು. ಮರುದಿನ ಎಣಿಸಲು ಮನಸ್ಸೇ ಬರಲಿಲ್ಲ.

ಆಗಿದ್ದೇನು ಅಂತ ಗೊತ್ತಾಗಿದ್ದು ಆಮೇಲೆ. ಮೀನಿನ ಹೊಲಸು, ಉಳಿದ ಹಿಂಡಿ ಕೊಳೆತು ನೀರಿನಲ್ಲಿ ಅಮೋನಿಯಾ ಆಗುತ್ತದೆ. ಅದರಲ್ಲಿ ಎರಡು ರೂಪ, ಒಂದು ಅಷ್ಟು ಕೆಡಕಲ್ಲ, ಇನ್ನೊಂದು ವಿಷ. ಯಾವುದು ಎಷ್ಟಿರಬೇಕು ಅನ್ನುವುದನ್ನು ಪಿಎಚ್ (ನೀರು ಹುಳಿಯೋ ಕ್ಷಾರವೋ ಅನ್ನುವ ಅಳತೆ) ಮತ್ತು ನೀರಿನ ಬಿಸಿ ತೀರ್ಮಾನಿಸುತ್ತವೆ. 30 ಡಿಗ್ರಿ ನೀರಿನಲ್ಲಿ ಪಿಎಚ್ 7 ಇದ್ದರೆ ವಿಷದ ಪಾಲು ನೂರಕ್ಕೆ ಒಂದೂ ಇರುವುದಿಲ್ಲ. 8ಕ್ಕೆ ಸುಮಾರು ಏಳೆಂಟು. 9ಕ್ಕೆ ಹೋದರೆ ನಲವತ್ತೈದರ ಹತ್ತಿರ! ನಮ್ಮ ಎರೆ ಮಣ್ಣಿನ ನೀರು ಮೊದಲೇ 8ರ ಮೇಲೆ. ಪಾಚಿ ಇರುವ ಹೊಂಡದಲ್ಲಿ ಸಂಜೆಗೆ ಅದು ತಾನಾಗಿಯೇ ಇನ್ನೂ ಏರುತ್ತದೆ. ಅದರ ಮೇಲೆ ಸುಟ್ಟ ಸುಣ್ಣ ಹಾಕಿದರೆ, ಇದ್ದ ಅಮೋನಿಯಾವನ್ನೇ ನಾವು ಕೈಯಾರೆ ವಿಷ ಮಾಡಿಕೊಟ್ಟ ಹಾಗೆ.

ಸುಣ್ಣ ಕೆಟ್ಟದ್ದು ಅಂತ ಹೇಳುತ್ತಿಲ್ಲ. ಹುಳಿ ಮಣ್ಣಿನ ಸೀಮೆಯಲ್ಲಿ ಅದು ಬೇಕೇ ಬೇಕು. ಹೊಂಡ ಒಣಗಿಸಿದಾಗ ತಳಕ್ಕೆ ಚೆಲ್ಲುವುದಕ್ಕೂ ಒಳ್ಳೆಯದು. ಹೊಂಡಕ್ಕೆ ಇಷ್ಟು ಸುಣ್ಣ ಅನ್ನುವ ಪುಸ್ತಕದ ಲೆಕ್ಕ ಎಲ್ಲೋ ಬರೆದದ್ದು, ನಮ್ಮ ನೆಲ ಬೇರೆ. ಪಿಎಚ್ ಪಟ್ಟಿಯಿಂದ ಬೆಳಿಗ್ಗೆ ಒಂದು ಸಲ, ಸಂಜೆ ನಾಲ್ಕಕ್ಕೆ ಒಂದು ಸಲ ನೋಡಿ. ಸಂಜೆಯದ್ದು ಎಂಟೂವರೆ ದಾಟಿದ್ದರೆ ಸುಣ್ಣದ ಚೀಲ ಮನೆಯಲ್ಲೇ ಇರಲಿ. ಸತ್ತ ಮೀನು ಹೂಳುವ ಗುಂಡಿಗೆ ಬೇಕಾಗುತ್ತದೆ.

ಅಮೋನಿಯಾವೇ ತೊಂದರೆ ಆಗಿದ್ದರೆ ದಾರಿ ಒಂದೇ: ಹಿಂಡಿ ನಿಲ್ಲಿಸಿ, ತಳದ ನೀರು ಹೊರಗೆ ಬಿಟ್ಟು ಹೊಸ ನೀರು ತುಂಬಿ. ಕಾಲು ಭಾಗ ಬದಲಾಯಿಸಿದರೂ ವ್ಯತ್ಯಾಸ ಕಾಣುತ್ತದೆ.

ಹೊಲದ ಔಷಧಿ

ಕಬ್ಬು, ದ್ರಾಕ್ಷಿ, ದಾಳಿಂಬೆ, ಈರುಳ್ಳಿ, ಮೆಣಸಿನಕಾಯಿ. ನಮ್ಮ ಕಡೆ ಹೊಂಡದ ಪಕ್ಕ ಇವುಗಳಲ್ಲಿ ಒಂದು ಇದ್ದೇ ಇರುತ್ತದೆ. ಬೆಳೆಗೆ ಹೊಡೆಯುವ ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್ ಜಾತಿಯ ಕೀಟದ ಔಷಧಿ ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಟ್ಟು ಕೆಟ್ಟದ್ದು. ಬಿದ್ದರೆ ಮೀನು ಬಾಣದ ಹಾಗೆ ಓಡುತ್ತದೆ, ಸುತ್ತು ಹೊಡೆಯುತ್ತದೆ, ದಂಡೆಗೆ ಹಾರುತ್ತದೆ, ಪಕ್ಕಕ್ಕೆ ವಾಲಿ ಸಾಯುತ್ತದೆ. ಹೊತ್ತಿನ ಲೆಕ್ಕ ಇಲ್ಲ.

ಹಿಂದಿನ ಎರಡು ದಿನ ಯಾರು ಎಲ್ಲಿ ಹೊಡೆದರು, ಗಾಳಿ ಯಾವ ಕಡೆ ಇತ್ತು, ಆಮೇಲೆ ಮಳೆ ಬಂತಾ ಅಂತ ವಿಚಾರಿಸಿ. ಜಗಳದ ದನಿಯಲ್ಲಿ ಬೇಡ. ಎಷ್ಟೋ ಸಲ ಹೊಡೆಯುವ ಕ್ಯಾನ್ ತೊಳೆದದ್ದು ನಮ್ಮ ಮನೆಯವರೇ ಆಗಿರುತ್ತಾರೆ, ಅದೂ ಅದೇ ಹೊಂಡದಲ್ಲಿ. ವಿಷಕ್ಕೆ ಮದ್ದಿಲ್ಲ. ಹೊಸ ನೀರು ಬಿಟ್ಟು ತೆಳುವು ಮಾಡುವುದೊಂದೇ. ಸತ್ತ ಮೀನನ್ನು ಮಾರಬೇಡಿ, ನಾಯಿಗೂ ಹಾಕಬೇಡಿ. ಮುಂದಿನ ವರ್ಷಕ್ಕೆ ಹೊಂಡದ ಮೇಲ್ಭಾಗದಲ್ಲಿ ಮೊಣಕಾಲೆತ್ತರದ ಒಡ್ಡು, ಹೊಲದ ನೀರು ಬೇರೆ ಕಡೆ ಹೋಗಲು ಒಂದು ಕಾಲುವೆ ಮಾಡಿಕೊಳ್ಳಿ.

ಸಣ್ಣಪುಟ್ಟವು

ಬೋರ್‌ವೆಲ್ ನೀರು ಬಿಟ್ಟ ಕೂಡಲೇ ಮರಿ ಒದ್ದಾಡಿದರೆ ಹೆದರಬೇಡಿ. ಭೂಮಿಯೊಳಗಿನ ನೀರಿನಲ್ಲಿ ಆಮ್ಲಜನಕ ಇರುವುದೇ ಕಡಿಮೆ. ಕಲ್ಲಿನ ಮೇಲೆ ಬಿದ್ದು ಸಿಡಿದು ಹೊಂಡ ಸೇರುವ ಹಾಗೆ ಮಾಡಿ, ಸಾಕು. ಮೊದಲ ಮಳೆಯ ಎರೆ ಕೆಸರು ವಾರವಾದರೂ ಕೂರದಿದ್ದರೆ ಜಿಪ್ಸಂ ಉಪಯೋಗಕ್ಕೆ ಬರುತ್ತದೆ. ಅದು ಸುಣ್ಣದ ಹಾಗೆ ಪಿಎಚ್ ಏರಿಸುವುದಿಲ್ಲ.

ಮೀನು ಗೂಟಕ್ಕೆ, ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಹಿಡಿದು ನೋಡಿ. ಉದ್ದಿನ ಬೇಳೆಯಷ್ಟು, ಚಪ್ಪಟೆ, ಹರಿದಾಡುತ್ತದೆ. ಅದು ಮೀನಿನ ಹೇನು. ಗಟ್ಟಿ ವಸ್ತುವಿನ ಮೇಲೆ ಮೊಟ್ಟೆ ಇಡುವುದು ಅದರ ಅಭ್ಯಾಸ. ಅದನ್ನೇ ಬಳಸಿಕೊಳ್ಳಿ. ನಾಲ್ಕಾರು ಬಿದಿರಿನ ಗಳ ನೆಟ್ಟು, ವಾರಕ್ಕೊಮ್ಮೆ ಕಿತ್ತು ರಣಬಿಸಿಲಿಗೆ ಒಣಗಿಸಿ ಮತ್ತೆ ನೆಡಿ. ತಿಂಗಳಲ್ಲಿ ಹತೋಟಿಗೆ ಬರುತ್ತದೆ. ಔಷಧಿಗೆ ಹೋಗುವುದಾದರೆ ಮೀನುಗಾರಿಕೆ ಇಲಾಖೆಯವರನ್ನು ಕೇಳಿಯೇ ಹೋಗಿ.

ದೀಪಾವಳಿ ಮುಗಿದು ಚಳಿ ಶುರುವಾದ ಮೇಲೆ ಮೈಮೇಲೆ ಕೆಂಪು ಹುಣ್ಣು ಕಂಡರೆ ಹುಣ್ಣು ರೋಗ. ಇದು 1988ರಲ್ಲಿ ಭಾರತಕ್ಕೆ ಬಂದದ್ದು. ಕಾಡು ಮೀನು, ಅದರಲ್ಲೂ ಮುರೆಲ್, ಮೊದಲು ಹಿಡಿಸಿಕೊಳ್ಳುತ್ತದೆ. ಹಿನ್ನೀರಿನ ನೀರನ್ನು ಜಾಳಿಗೆ ಕಟ್ಟದೆ ಬಿಡಬಾರದು ಅನ್ನುವುದು ಇದಕ್ಕೇ. ಭುವನೇಶ್ವರದ ಕೇಂದ್ರೀಯ ಸಿಹಿನೀರು ಜಲಕೃಷಿ ಸಂಸ್ಥೆಯವರು ಕಂಡುಹಿಡಿದ ಸಿಫಾಕ್ಸ್ ಅನ್ನುವ ಔಷಧಿ ಇದಕ್ಕಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರಿಗೆ ಒಂದು ಲೀಟರ್. ನನ್ನ ಇಪ್ಪತ್ತು ಗುಂಟೆ, ಒಂದೂವರೆ ಮೀಟರ್ ಆಳಕ್ಕೆ 300 ಮಿಲಿಲೀಟರ್ ಆಗುತ್ತದೆ. ಹೆಚ್ಚು ಹಾಕಿದರೆ ಬೇಗ ವಾಸಿ ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಕೆರೆಯಲ್ಲಿ, ಹಿನ್ನೀರಿನಲ್ಲಿ ಸತ್ತರೆ

ಇದು ಒಬ್ಬರ ಹೊಂಡ ಅಲ್ಲ, ಊರಿನ ಅನ್ನ. ಹಾಗಾಗಿ ಬೇರೆ ರೀತಿ ಹೋಗಬೇಕು. ಆಲಮಟ್ಟಿ ಅಣೆಕಟ್ಟು ಸಮುದ್ರಮಟ್ಟದಿಂದ 519.60 ಮೀಟರಿಗೆ ತುಂಬಿ ನಿಂತಾಗ ಹಿನ್ನೀರು ಹೊಲದ ಅಂಚಿನವರೆಗೂ ಬರುತ್ತದೆ. ಬೇಸಿಗೆಗೆ ಇಳಿದಾಗ ಮೀನೆಲ್ಲ ಅಲ್ಲಲ್ಲಿ ಮಡುಗಳಲ್ಲಿ ಒತ್ತಾಗುತ್ತದೆ. ವಿಜಯಪುರ ಕಡೆ ಕೃಷ್ಣೆಯ ನೀರು ಎತ್ತಿ ತುಂಬಿಸುವ ಕೆರೆಗಳಲ್ಲೂ ಏಪ್ರಿಲ್, ಮೇಗೆ ಇದೇ ಗತಿ. ಆಗ ಬೆಳಗಿನ ಸಾವು ಆದರೆ ಯಾರನ್ನೂ ದೂರಬೇಕಿಲ್ಲ, ಮೀನು ಬೇಗ ಹಿಡಿದು ಹಗುರ ಮಾಡಬೇಕಿತ್ತು.

ನೀರು ಕಾಫಿ ಬಣ್ಣಕ್ಕೆ ತಿರುಗಿ, ಹುಳಿ ವಾಸನೆ ಹೊಡೆದು, ಹಳ್ಳವೊಂದು ಸೇರುವ ಕಡೆಯಿಂದ ಕೆಳಕ್ಕೆ ಮಾತ್ರ ಸತ್ತಿದ್ದರೆ ಬೇರೆ ಮಾತು. ಕಬ್ಬಿನ ಕಾರ್ಖಾನೆ, ಡಿಸ್ಟಿಲರಿ, ಊರಿನ ಗಟಾರ, ಯಾವುದರದ್ದೇ ಹೊಲಸು ನೀರು ಬಿದ್ದರೂ ಅದು ಕೊಳೆಯುವಾಗ ನದಿಯ ಆಮ್ಲಜನಕವನ್ನೆಲ್ಲ ತಿಂದುಬಿಡುತ್ತದೆ. ಯಾರು ಬಿಟ್ಟರು ಅಂತ ನಾವು ಕೂಗಿದರೆ ಆಗುವುದಿಲ್ಲ, ಬಾಟಲಿ ಹೇಳಬೇಕು. ಒಂದು ಲೀಟರಿನ ಶುದ್ಧ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಜಾಲಾಡಿಸಿ, ನೀರೊಳಗೆ ಮುಳುಗಿಸಿಯೇ ತುಂಬಿ ಒಳಗೇ ಮುಚ್ಚಳ ಹಾಕಿ. ಹಳ್ಳ ಸೇರುವ ಜಾಗದ ಮೇಲ್ಗಡೆ ಒಂದು, ಸೇರುವಲ್ಲಿ ಒಂದು, ಕೆಳಗಡೆ ಒಂದು. ತಾರೀಖು, ಗಂಟೆ, ಜಾಗ ಬರೆದು ಐಸ್‌ನಲ್ಲಿ ಇಡಿ. ಜೊತೆಗೆ ಸಾಯುತ್ತಿರುವ ಮೀನು, ಕೊಳೆತದ್ದು ಬೇಡ. ಅವತ್ತೇ ತಾಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಗೆ ಮತ್ತು ಮಾಲಿನ್ಯ ನಿಯಂತ್ರಣ ಮಂಡಳಿಗೆ ಲಿಖಿತವಾಗಿ ತಿಳಿಸಿ, ಒಂದು ಪ್ರತಿಗೆ ಸಹಿ ಹಾಕಿಸಿಕೊಳ್ಳಿ. ಎರಡು ದಿನ ತಡವಾದರೆ ನೀರು ಹರಿದು ಹೋಗಿರುತ್ತದೆ, ಬಾಟಲಿಯಲ್ಲಿ ಏನೂ ಸಿಗುವುದಿಲ್ಲ.

ಹೊಂಡಕ್ಕೋ ಕೆರೆಗೋ ಹೊಸ ಮರಿ ಬಿಡುವ ಮುಂಚೆ ಸೊಳ್ಳೆ ಪರದೆಯಂಥ ಬಲೆಯ ಚೀಲದಲ್ಲಿ ಹತ್ತು ಮರಿ ಹಾಕಿ ನೀರಲ್ಲಿ ಎರಡು ದಿನ ಇಳಿಬಿಡಿ. ಹತ್ತೂ ಚುರುಕಾಗಿದ್ದರೆ ಉಳಿದವನ್ನು ತರಿಸಿ. ಒಂಬತ್ತಿದ್ದರೆ ಇನ್ನೊಂದು ವಾರ ಕಾಯಿರಿ. ನಾನು ಸುಣ್ಣ ಹಾಕಿದ ವರ್ಷ ಮೂರು ಸಲ ಕಾದಿದ್ದೆ.